ಓಕ್ಬುನಳ ಬಾಯಿಪಾಠ

ಸತ್ತವರಿಗಾಗಿ ಹಾಡುವುದನ್ನು ಮಾ ಓಕ್ಬುನ್‌ಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅವಳ ತಾಯಿ ಅಗಾತಾ ಜಾಡಿಯ ಮಣ್ಣು ತುಳಿಯುತ್ತ ಹಾಡುತ್ತಿದ್ದಳು. ಮಗಳು ಪಕ್ಕದಲ್ಲೇ ತುಳಿಯುತ್ತ ಕೇಳಿಸಿಕೊಂಡಳು. ಅಷ್ಟೇ ಪಾಠ. ಅವರದು ಗಂಗ್ಯೊಂಗ್ ಪೇಟೆಯಿಂದ ಅರ್ಧ ದಿನದ ದಾರಿಯಲ್ಲಿ, ಬೆಟ್ಟದ ಮೇಲಿದ್ದ ಕುಂಬಾರರ ಊರು. ಊರಿಗೆ ಊರೇ ಕಥೋಲಿಕರದ್ದು. ದೇವರ ಹೆಸರು ಹೇಳಿದವರ ತಲೆ ತೆಗೆಯುತ್ತಿದ್ದ ಕಾಲದಲ್ಲಿ ಓಡಿಬಂದವರು, ಹೊಲಗದ್ದೆ ಇಲ್ಲದೆಯೂ ಹೊಟ್ಟೆ ಹೊರೆಯಬಹುದೆಂದು ಜಾಡಿ ಮಾಡುವ ಕಸುಬಿಗೆ ಕೂತಿದ್ದರು. ಪಾದ್ರಿ ಬರುತ್ತಿದ್ದುದು ವರ್ಷಕ್ಕೆ ಎರಡು ಸಲ. ಮಿಕ್ಕ ದಿನಗಳಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಹಿರಿಯರ ಬಾಯಲ್ಲಿದ್ದದ್ದೇ ಶಾಸ್ತ್ರ. ಸಾವಿನ ಮನೆಯಲ್ಲಿ ಎದುರುಬದುರಾಗಿ ಎರಡು ಸಾಲು ಕೂತು, ಈ ಸಾಲಿನವರು ಒಂದು ಚರಣ, ಆ ಸಾಲಿನವರು ಒಂದು ಚರಣ, ಸತ್ತವರ ಆತ್ಮಕ್ಕಾಗಿ ಎಳೆದೆಳೆದು ಹಾಡುತ್ತಿದ್ದರು. ಕೊನೆಯಲ್ಲಿ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು, ಇವನಿಗಾಗಿ ಬೇಡಿಕೊಳ್ಳಿ ಎಂದು ಕೇಳುವುದು. ಈ ಹಾಡಿಗೆ ಯೊಂದೊ ಎನ್ನುತ್ತಾರೆ. ಪದಗಳು ಎಷ್ಟು ಹಳೆಯವೆಂದರೆ, ಅರ್ಥವೇನೆಂದು ಓಕ್ಬುನ್ ಒಮ್ಮೆ ಕೇಳಿದ್ದಕ್ಕೆ ತಾಯಿ, ಅರ್ಥ ದೇವರಿಗೆ ಗೊತ್ತು, ನೀನು ರಾಗ ತಪ್ಪಿಸಬೇಡ ಎಂದಿದ್ದಳು.

ಪಾದ್ರಿ ಬಂದ ದಿನ ಮಕ್ಕಳಿಗೆ ಪರೀಕ್ಷೆ. ಮುನ್ನೂರು ಚಿಲ್ಲರೆ ಪ್ರಶ್ನೋತ್ತರಗಳನ್ನು ತಡವರಿಸದೆ ಒಪ್ಪಿಸಬೇಕು. ಓಕ್ಬುನ್ ಒಂಬತ್ತನೇ ವಯಸ್ಸಿಗೆ ಒಪ್ಪಿಸಿದಳು. ಅವಳಿಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಮನ್ಸೊಕ್ ಏಳಕ್ಕೇ ಒಪ್ಪಿಸಿದ. ಒಪ್ಪಿಸಿದವನು ಸುಮ್ಮನೆ ಎದ್ದು ಬರಬಾರದೇ? ಅಲ್ಲೇ ನಿಂತು, ಇದೆಲ್ಲ ಎಲ್ಲಿ ಬರೆದಿದೆ ಎಂದು ಕೇಳಿದ. ಪಾದ್ರಿ ನಕ್ಕುಬಿಟ್ಟರು. ಅವರಿಲ್ಲದಾಗ ಊರನ್ನು ನೋಡಿಕೊಳ್ಳುತ್ತಿದ್ದ ಉಪದೇಶಿ ನಗಲಿಲ್ಲ. ಹೊರಗೆ ಕರೆದೊಯ್ದು ಕಿವಿ ಹಿಂಡಿ, ನಿನ್ನ ಮುತ್ತಜ್ಜ ಕತ್ತು ಕೊಟ್ಟಾಗ ಎಲ್ಲಿ ಬರೆದಿದೆ ಅಂತ ಕೇಳಿದ್ದನೇನೋ ಎಂದು ಗದರಿಸಿದ. ಆ ಕಿವಿಯ ನೋವು ಅರ್ಧ ಗಂಟೆಯಲ್ಲಿ ಹೋಗಿರಬೇಕು. ಪ್ರಶ್ನೆ ಮಾತ್ರ ಹೋಗಲಿಲ್ಲ.

ಮನ್ಸೊಕ್ ಓದಲೆಂದು ದೇಜೊನ್ ಪಟ್ಟಣಕ್ಕೆ ಹೋಗಿ, ಕಥೋಲಿಕರಿಂದ ಬೇರೆಯಾದ ಪ್ರೆಸ್ಬಿಟೀರಿಯನ್ ಸಭೆಯವರೊಬ್ಬರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದ. ಆ ಮನೆಯಲ್ಲಿ ಬೈಬಲ್ ಇತ್ತು. ಇಡೀ ಪುಸ್ತಕ, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದಾದ ಹಾಗೆ ಊಟದ ಮಣೆಯ ಪಕ್ಕದಲ್ಲಿ. ಒಂದು ಚಳಿಗಾಲ ಪೂರ್ತಿ ಅವನು ಅದನ್ನೇ ಓದಿದ. ವಸಂತಕ್ಕೆ ಊರಿಗೆ ಬಂದವನು ತಾಯಿಯ ಮುಂದೆ ಕೂತು, ನನಗೆ ಇಪ್ಪತ್ತೊಂದು ವರ್ಷವಾಯಿತು, ಈ ಪುಸ್ತಕದ ಮುಖ ನೋಡಿರಲಿಲ್ಲ, ಯಾಕೆ ಬಚ್ಚಿಟ್ಟಿರಿ ಎಂದು ಕೇಳಿದ. ಕೇಳುವಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದ. ಓಕ್ಬುನ್‌ಗೆ ಅದು ನೆನಪಿದೆ, ಯಾಕೆಂದರೆ ಆಮೇಲೆ ಎಷ್ಟೇ ಸಿಟ್ಟು ಬಂದರೂ ಆ ಒಂದು ಗಳಿಗೆಗೆ ಅವಳು ತಮ್ಮನನ್ನು ಬೈಯಲಾರದವಳಾಗಿದ್ದಳು.

"ಯಾರೂ ಬಚ್ಚಿಡ್ಲಿಲ್ಲ ಮಗಾ," ಎಂದಳು ಅಗಾತಾ. "ನಾವೇ ಬೆಟ್ಟದಲ್ಲಿ ಬಚ್ಚಿಟ್ಕೊಂಡಿದ್ವಿ. ಪುಸ್ತಕ ಎಲ್ಲಿಂದ ತರೋಣ?"

ಅವನು ಆ ಮನೆಯ ಮಗಳು ಜೊಂಗ್ನಿಮಳನ್ನೇ ಮದುವೆಯಾದ, ಅದೇ ಸಭೆ ಸೇರಿದ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ, ಐವತ್ತು ದಾಟುವಷ್ಟರಲ್ಲಿ ಸಭೆಯ ಹಿರಿಯನೂ ಆದ. ಇತ್ತ ಪ್ಲಾಸ್ಟಿಕ್ ಡಬ್ಬಿ ಬಂದು ಜಾಡಿಗಳ ಕಾಲ ಮುಗಿದ ಮೇಲೆ ಓಕ್ಬುನ್ ಗಂಡನ ಜೊತೆ ಬೆಟ್ಟ ಇಳಿದು ಗಂಗ್ಯೊಂಗ್ ಪೇಟೆಗೆ ಬಂದಳು. ಉಪ್ಪಿಗೆ ಹಾಕಿದ ಸೀಗಡಿಯ ಅಂಗಡಿ ಇಟ್ಟಳು. ಗಂಡ ಬೇಗ ತೀರಿಕೊಂಡ, ಅಂಗಡಿ ಮಾತ್ರ ನಡೆಯಿತು. ಪೇಟೆಯ ಚರ್ಚಿನವರು ಅವಳನ್ನು ಜ್ಞಾನಸ್ನಾನದ ಹೆಸರಿನಿಂದ ಬಿಬಿಯಾನಾ ಎಂದು ಕರೆಯುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ಬಿಬಿಯಾನಾಳ ಅಂಗಡಿಗೆ. ಅವಳು ಏಪ್ರನ್ ಬಿಚ್ಚಿ, ಕೈಯ ಸೀಗಡಿ ವಾಸನೆ ಹೋಗುವವರೆಗೆ ತಿಕ್ಕಿ ತೊಳೆದು, ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಹೊರಡುತ್ತಿದ್ದಳು. ಮೂವತ್ತು ವರ್ಷ ಹೀಗೆ ಹಾಡಿದಳು.

ಹಬ್ಬಕ್ಕೆ ತಮ್ಮ ಬಂದನೆಂದರೆ ಮಾತ್ರ ಅವಳ ತಲೆ ಚಿಟ್ಟು ಹಿಡಿಯುತ್ತಿತ್ತು. ತಂದೆಯ ಪಟದ ಮುಂದೆ ಅಡ್ಡಬೀಳುವುದು ಎಲ್ಲಿ ಬರೆದಿದೆ? ಮಾತೆ ಮರಿಯಳನ್ನು ಬೇಡಿಕೊಳ್ಳುವುದು ಎಲ್ಲಿ ಬರೆದಿದೆ? ದೇವರಿಗೆ ಕಥೋಲಿಕರು ಹನುನಿಮ್ ಎನ್ನುತ್ತಾರೆ, ಅವನ ಸಭೆಯವರು ಹನನಿಮ್ ಎನ್ನುತ್ತಾರೆ. ಒಂದು ಸ್ವರದ ವ್ಯತ್ಯಾಸ. ಆ ಒಂದು ಸ್ವರಕ್ಕಾಗಿ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಯಾರು ಹೇಳಬೇಕೆಂಬುದು ಇತ್ಯರ್ಥವಾಗದೆ ಸಾರು ಆರಿದ ದಿನಗಳಿದ್ದವು. ಹತ್ತು ಕಟ್ಟಳೆಗಳನ್ನು ಎಣಿಸುವುದರಲ್ಲೂ ಅವನ ಐದನೆಯದು ಇವಳಿಗೆ ನಾಲ್ಕನೆಯದು. ತಂದೆತಾಯಿಗೆ ಗೌರವ ಕೊಡು ಎನ್ನುವ ಕಟ್ಟಳೆ ಅದು. ಅದರ ನಂಬರಿನ ಮೇಲೆ ಅಕ್ಕ ತಮ್ಮ ತಾಯಿಯ ಎದುರಿಗೇ ಜಗಳವಾಡಿದರೆ, ತಾಯಿ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ರೇಗುತ್ತಿದ್ದುದು ಅವನ ತಾಳ್ಮೆಗೆ. ಕೂಗಾಡಿದರೆ ತಾನೂ ಕೂಗಾಡಬಹುದಿತ್ತು. ಅವನು ಲೆಕ್ಕ ತಪ್ಪಿದ ಹುಡುಗಿಗೆ ಬೋರ್ಡಿನ ಮುಂದೆ ಹೇಳಿಕೊಡುವವನ ಹಾಗೆ ಮೆಲ್ಲಗೆ, ಅಕ್ಕಾ, ಅಧ್ಯಾಯ ಹೇಳು, ವಚನ ಹೇಳು, ಸಾಕು ಎನ್ನುತ್ತಿದ್ದ.

ಇಷ್ಟು ಸಾಲದೆಂಬಂತೆ ಅವಳ ಸ್ವಂತ ಚರ್ಚಿನೊಳಗೂ ಒಂದು ಪುಸ್ತಕ ಬಂತು. ಹೊಸದಾಗಿ ಬಂದ ಫಾದರ್ ತಾಕ್ ಇನ್ನೂ ಮೂವತ್ನಾಲ್ಕರವರು, ಸಂಗೀತ ಬಲ್ಲವರು. ಯೊಂದೊ ಹಾಡಿಗೆ ಸ್ವರ ಹಾಕಿ ಅಚ್ಚು ಮಾಡಿದ ಪುಸ್ತಕಗಳ ಕಟ್ಟನ್ನು ತಂದು, ಇನ್ನು ಮೇಲೆ ಎಲ್ಲರೂ ಹೀಗೇ ಹಾಡಬೇಕು ಎಂದರು. ಓಕ್ಬುನ್ ಪುಸ್ತಕ ಬಿಡಿಸಿ ನೋಡಿದಳು. ಐದು ಗೆರೆಗಳ ಮೇಲೆ ಇರುವೆ ಹರಿದ ಹಾಗೆ ಚುಕ್ಕೆಗಳು. ಫಾದರ್ ಹಾಡಿ ತೋರಿಸಿದರು. ಚರಣದ ಕೊನೆಯಲ್ಲಿ ದನಿಯನ್ನು ಕೆಳಗಿಳಿಸಿ ಮತ್ತೆ ಒಂದು ಮೆಟ್ಟಿಲು ಹತ್ತಿಸಿ ನಿಲ್ಲಿಸುವ ತಿರುವು ಅದರಲ್ಲಿ ಇರಲೇ ಇಲ್ಲ.

ತನ್ನ ಬೆಟ್ಟದ ಊರಿನಲ್ಲಿ ಹೀಗೆ ಹಾಡುವುದಿಲ್ಲವೆಂದು ಅವಳು ಹೇಳಿ ನೋಡಿದಳು. ಫಾದರ್ ತಾಕ್ ಒರಟರಲ್ಲ. ಒಂದೊಂದು ಊರಿನವರು ಒಂದೊಂದು ಥರ ಹಾಡಿದರೆ ಪಟ್ಟಣದ ಸಾವಿನ ಮನೆಯಲ್ಲಿ ನಾಲ್ಕು ಊರಿನವರು ಒಟ್ಟಿಗೆ ಕೂತಾಗ ಏನು ಗತಿ ಎಂದು ಕೇಳಿದರು. ಮಾತು ಸರಿಯಾಗೇ ಇತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಕಿರಿಕಿರಿಯಾಯಿತು. ಒಬ್ಬನಿಗೆ ಬರೆದಿಲ್ಲವೆಂಬ ದೂರು, ಇನ್ನೊಬ್ಬರಿಗೆ ಬರೆದ ಹಾಗೆ ಹಾಡುವುದಿಲ್ಲವೆಂಬ ದೂರು. ಮೂವತ್ತು ವರ್ಷದಲ್ಲಿ ಸತ್ತವರು ಯಾರೂ ತಕರಾರು ಮಾಡಿರಲಿಲ್ಲ. ಅವಳು ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡಳು, ತೆರೆಯಲಿಲ್ಲ. ಅವಳ ಗುಂಪಿನ ಹೊಸಬರು, ಪಟ್ಟಣದಿಂದ ಬಂದ ನಾಲ್ಕೈದು ಹೆಂಗಸರು, ಮಾತ್ರ ಫಾದರ್ ಹತ್ತಿರ ಹೋಗಿ ಶ್ರದ್ಧೆಯಿಂದ ಸ್ವರ ಕಲಿತರು.

ಕೊನೆಯ ಆರು ವರ್ಷ ತಾಯಿ ಇದ್ದದ್ದು ಮಗನ ಮನೆಯಲ್ಲಿ. ಗಂಡುಮಗನ ಮನೆಯಲ್ಲೇ ಇರಬೇಕೆಂದು ಅವಳ ಹಟ. ಓಕ್ಬುನ್ ದಿನವೂ ಹೆದರಿದ್ದಳು, ಆ ಮನೆಯಲ್ಲಿ ತಾಯಿಯ ಜಪಸರಕ್ಕೆ ಜಾಗವಿರುತ್ತದೋ ಇಲ್ಲವೋ ಎಂದು. ಜಾಗವಿತ್ತು. ಸೊಸೆ ಜೊಂಗ್ನಿಮ್ ಪ್ರತಿ ಭಾನುವಾರ ಅತ್ತೆಯನ್ನು ಕಾರಿನಲ್ಲಿ ಕಥೋಲಿಕರ ಚರ್ಚಿಗೆ ಬಿಟ್ಟು, ಪೂಜೆ ಮುಗಿಯುವವರೆಗೆ ಕಾರಿನಲ್ಲೇ ಕೂತು ತನ್ನ ಬೈಬಲ್ ಓದಿ, ಅತ್ತೆಯನ್ನು ಮನೆಗೆ ಮುಟ್ಟಿಸಿ, ಆಮೇಲೆ ತನ್ನ ಸಭೆಗೆ ಹೋಗುತ್ತಿದ್ದಳು. ಈ ಹೆಂಗಸನ್ನು ಬೈಯಲು ಓಕ್ಬುನ್‌ಗೆ ಏನೂ ಸಿಗುತ್ತಿರಲಿಲ್ಲ. ಅದೂ ಒಂದು ಬೇಸರವೇ.

ಅಗಾತಾ ತೊಂಬತ್ತೊಂದನೇ ವಯಸ್ಸಿನಲ್ಲಿ, ಒಂದು ಏಪ್ರಿಲ್ ಬೆಳಿಗ್ಗೆ ಗಂಜಿ ಕುಡಿದು ಮಲಗಿದವಳು ಏಳಲಿಲ್ಲ. ಪಾದ್ರಿಯನ್ನು ಕರೆಸಿ ಕೊನೆಗಾಲದ ಪವಿತ್ರ ತೈಲ ಹಚ್ಚಿಸಿದ್ದು ಹಿಂದಿನ ವಾರವೇ ಆಗಿತ್ತು, ಅದನ್ನು ಮಾಡಿಸಿದ್ದೂ ಜೊಂಗ್ನಿಮ್‌ಳೇ. ಆಸ್ಪತ್ರೆಯ ನೆಲಮಾಳಿಗೆಯ ಶವಾಗಾರದಲ್ಲಿ, ಅಲ್ಲಿನ ವಾಡಿಕೆಯಂತೆ, ಸಾವಿಗೆ ಬರುವವರನ್ನು ಕೂರಿಸಲು ಕೋಣೆ ಹಿಡಿದರು. ಪಟದ ಸುತ್ತ ಬಿಳಿ ಸೇವಂತಿಗೆ, ಬಂದವರಿಗೆ ಖಾರದ ಸಾರು, ಅನ್ನ, ಬೇಯಿಸಿದ ಹಂದಿಮಾಂಸ. ಸಭೆಯ ಹಿರಿಯನಾದ್ದರಿಂದ ಮನ್ಸೊಕ್ ಸೋಜು ಎಂಬ ಸಾರಾಯಿ ತರಿಸಿರಲಿಲ್ಲ. ಬೆಟ್ಟದ ಊರಿನಿಂದ ಬಂದ ಮುದುಕ ಕುಂಬಾರರು ಸಾರಿನ ಮುಂದೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದರು. ಚಿಕ್ಕಪ್ಪನ ವರಸೆಯ ಒಬ್ಬ ಕೊನೆಗೆ ತಾನೇ ಎದ್ದು ಅಂಗಡಿಗೆ ಹೋಗಿ ಆರು ಬಾಟಲಿ ತಂದ. ತರುತ್ತ ಎಲ್ಲರಿಗೂ ಕೇಳುವಂತೆ, ಯೇಸು ಸ್ವಾಮಿ ಮದುವೆ ಮನೇಲಿ ನೀರಿಂದ ಮಾಡಿದ್ದು ದ್ರಾಕ್ಷಾರಸ, ಬಾರ್ಲಿ ನೀರಲ್ಲ ಕಣಪ್ಪ, ಇದು ಬರೆದೇ ಇದೆ ಎಂದ. ಮನ್ಸೊಕ್ ಬೆನ್ನು ತಿರುಗಿಸಿ ಪಟದ ಸೇವಂತಿಗೆಗಳನ್ನು ಸರಿಪಡಿಸತೊಡಗಿದ.

ಎರಡನೇ ದಿನ ಮಧ್ಯಾಹ್ನ ಓಕ್ಬುನ್ ತನ್ನ ಹನ್ನೆರಡು ಹೆಂಗಸರನ್ನು ವ್ಯಾನಿನಲ್ಲಿ ಕರೆತಂದಳು. ತಮ್ಮ ಅವಳನ್ನು ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಕರೆದ. ಮೂರು ಗಂಟೆಗೆ ನಮ್ಮ ಪಾಸ್ಟರು ಆರಾಧನೆ ನಡೆಸುತ್ತಾರೆ, ನೀವೂ ಕೂತು ಹಾಡಿ, ಆದರೆ ಯೊಂದೊ ಬೇಡ ಎಂದ. ತಾಯಿ ಈಗ ದೇವರ ಕೈಯಲ್ಲಿದ್ದಾಳೆ, ಸತ್ತವರಿಗಾಗಿ ನಾವು ಬೇಡಿಕೊಂಡು ಆಗಬೇಕಾದ್ದೇನಿಲ್ಲ, ಹಾಗೆ ಬೇಡಿಕೊಳ್ಳಿ ಎಂದು ಎಲ್ಲೂ ಬರೆದಿಲ್ಲ ಎಂದ.

ಈ ಸಲ ಓಕ್ಬುನ್ ಸಿದ್ಧವಾಗಿ ಬಂದಿದ್ದಳು. ಫಾದರ್ ತಾಕ್ ಅವಳಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

"ಬರೆದಿದೆ. ಮಕ್ಕಬಿಯರ ಎರಡನೇ ಪುಸ್ತಕ, ಹನ್ನೆರಡನೇ ಅಧ್ಯಾಯ. ಸತ್ತ ಸಿಪಾಯಿಗಳಿಗೋಸ್ಕರ ಪ್ರಾರ್ಥನೆ ಮಾಡಿಸಿದ್ರಂತೆ. ತಗೊ, ಓದ್ಕೊ."

ಅವನು ಚೀಟಿ ನೋಡಿ, ಮಡಿಸಿ, ಅವಳಿಗೇ ವಾಪಸು ಕೊಟ್ಟ. "ಅಕ್ಕಾ, ಆ ಪುಸ್ತಕ ಬೈಬಲ್ನಲ್ಲಿ ಇಲ್ಲ."

"ನಮ್ಮದ್ರಲ್ಲಿ ಇದೆ."

"ನಿಮ್ಮದ್ರಲ್ಲಿ ಏಳು ಪುಸ್ತಕ ಜಾಸ್ತಿ."

ಓಕ್ಬುನ್‌ಗೆ ಮೈ ಪರಚಿಕೊಳ್ಳುವಂತಾಯಿತು. ನಲವತ್ತು ವರ್ಷದಿಂದ ವಚನ ಹೇಳು ವಚನ ಹೇಳು ಎಂದವನಿಗೆ ವಚನ ತಂದು ಕೊಟ್ಟರೆ, ಪುಸ್ತಕವೇ ಇಲ್ಲವಂತೆ.

"ಹಂಗಾರೆ ಒಂದು ಹೇಳು ಮನ್ಸೊಕ್," ಎಂದಳು. "ಇಷ್ಟೇ ಪುಸ್ತಕ, ಇದಕ್ಕಿಂತ ಒಂದು ಜಾಸ್ತಿ ಇಲ್ಲ ಒಂದು ಕಮ್ಮಿ ಇಲ್ಲ ಅಂತ ನಿನ್ ಬೈಬಲ್ನಲ್ಲಿ ಎಲ್ಲಿ ಬರೆದಿದೆ? ಯಾವ ಅಧ್ಯಾಯ?"

"ಅದು ಹಿಂದಿನೋರು ಕೂತು, ಪ್ರಾರ್ಥನೆ ಮಾಡಿ, ನೋಡಿ..."

"ಹಿಂದಿನೋರು," ಎಂದಳು ಓಕ್ಬುನ್.

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ತಮ್ಮನ ಕಣ್ಣು ಕೆಂಪಾಗಿತ್ತು, ತೋಳಿಗೆ ಕಟ್ಟಿದ್ದ ಸೂತಕದ ಪಟ್ಟಿ ಜಾರಿತ್ತು, ಅರವತ್ತು ವರ್ಷದ ಗಂಡಸು ಎರಡು ದಿನದಿಂದ ನಿದ್ದೆಯಿಲ್ಲದೆ ನಿಂತಿದ್ದ. ಒಳಗೆ ತಾಯಿ ಪಟದಲ್ಲಿ ಕೂತಿದ್ದಳು. ಇಂಥ ಹೊತ್ತಿನಲ್ಲಿ ಪುಸ್ತಕ ಎಣಿಸುತ್ತ ನಿಂತಿದ್ದೇವಲ್ಲ ಎಂದು ಅವನ ಮೇಲೆ ಎಷ್ಟೋ ತನ್ನ ಮೇಲೂ ಅಷ್ಟೇ ರೋಸಿಹೋಯಿತು. ಅಷ್ಟರಲ್ಲಿ ಜೊಂಗ್ನಿಮ್ ಬಂದು, ಪಾಸ್ಟರು ಬರುವುದಕ್ಕೆ ಇನ್ನೂ ಒಂದು ಗಂಟೆ ಇದೆ, ಅಲ್ಲಿಯವರೆಗೆ ಕೋಣೆ ಖಾಲಿಯೇ ಇರುತ್ತದೆ ಎಂದಷ್ಟೇ ಹೇಳಿ ಹೋದಳು. ಮನ್ಸೊಕ್ ಗೋಡೆಗೆ ಒರಗಿ ಹೊರಗೇ ನಿಂತ.

ಹೆಂಗಸರು ಎರಡು ಸಾಲಾಗಿ ಕೂತರು. ಓಕ್ಬುನ್ ಮೊದಲ ಚರಣ ಎತ್ತಿದಳು. ಎದುರು ಸಾಲಿನಲ್ಲಿ ಕೂತದ್ದು ಫಾದರ್ ಹತ್ತಿರ ಕಲಿತ ಹೊಸಬರು. ಅವರು ಪುಸ್ತಕ ತೆರೆದು ಪುಸ್ತಕದ ರಾಗದಲ್ಲಿ ಉತ್ತರ ಕೊಟ್ಟರು. ಇವಳ ಸಾಲಿನ ಮುದುಕಿಯರು ಹಳೆಯ ತಿರುವು ತಿರುಗಿಸಿದರು, ಅವರು ನೇರ ನಿಲ್ಲಿಸಿದರು. ಮೂರನೇ ಚರಣದ ಹೊತ್ತಿಗೆ ಇವಳ ಸಾಲಿನವರಿಗೂ ಗೊಂದಲವಾಗಿ, ಅರ್ಧ ಜನ ಕೆಳಗೆ, ಅರ್ಧ ಜನ ಮೇಲೆ. ಮೂವತ್ತು ವರ್ಷ ಊರವರ ತಾಯಂದಿರಿಗೆಲ್ಲ ಸರಿಯಾಗಿ ಹಾಡಿ, ಸ್ವಂತ ತಾಯಿಯ ಮುಂದೆ ಸಂತೆಯ ಗದ್ದಲದಂತಾಯಿತು. ಓಕ್ಬುನ್ ಕೈಯಿಂದ ನೆಲ ತಟ್ಟಿ ತಾಳ ಹಿಡಿಸಲು ನೋಡಿದಳು. ಪ್ರಯೋಜನವಾಗಲಿಲ್ಲ.

ಆಗ ಮನ್ಸೊಕ್ ಒಳಗೆ ಬಂದ. ನಿಲ್ಲಿಸಲು ಬಂದನೆಂದುಕೊಂಡು ಹೆಂಗಸರು ತಾವೇ ನಿಲ್ಲಿಸಿದರು.

"ಹಂಗಲ್ಲ ಅದು," ಎಂದ. ಮುಖದಲ್ಲಿ ಸಿಟ್ಟಿತ್ತು. "ಅಮ್ಮ ಹಂಗೆ ಹಾಡ್ತಿರ್ಲಿಲ್ಲ. ಕೊನೇಲಿ ಇಳಿಸಿ, ಆಮೇಲೆ ಏರಿಸ್ಬೇಕು." ಬೆರಳಿನಿಂದ ಗಾಳಿಯಲ್ಲಿ ಆ ತಿರುವನ್ನು ಬರೆದು ತೋರಿಸಿದ. ಹಾಡಲಿಲ್ಲ. ತೋರಿಸಿದ ಮೇಲೆ ತಾನೇನು ಮಾಡುತ್ತಿದ್ದೇನೆಂದು ಹೊಳೆದವನಂತೆ ಕೈ ಇಳಿಸಿ, ಬಾಗಿಲ ಪಕ್ಕದಲ್ಲಿ ಮಂಡಿ ಮಡಿಸಿ ಕೂತುಬಿಟ್ಟ.

ಓಕ್ಬುನಳ ನಾಲಗೆಯ ತುದಿಗೆ ಒಂದು ಪ್ರಶ್ನೆ ಬಂತು. ಅದನ್ನು ನುಂಗಿಕೊಂಡಳು. ಹೊಸಬರಿಗೆ ಪುಸ್ತಕ ಮುಚ್ಚಿ ತನ್ನ ಬಾಯಿಯನ್ನೇ ನೋಡಲು ಹೇಳಿ, ಮೊದಲಿನಿಂದ ಎತ್ತಿದಳು. ಈ ಸಲ ಬಂತು. ಪೂರ್ತಿ ಚೆನ್ನಾಗೇನೂ ಅಲ್ಲ, ಆದರೆ ತಾಯಿಗೆ ಗುರುತು ಹತ್ತುವಷ್ಟು ಬಂತು. ಮೂರು ಗಂಟೆಗೆ ಪಾಸ್ಟರು ಬಂದರು. ಕಥೋಲಿಕ ಹೆಂಗಸರು ಗೋಡೆಗೆ ಒತ್ತಿಕೊಂಡು ಕೂತು, ಅವರ ಉದ್ದದ ಪ್ರಸಂಗವನ್ನೂ ಕೇಳಿದರು.

ಮಣ್ಣು ಮಾಡಿ ಬಂದ ಮೇಲೆ ಓಕ್ಬುನ್ ಪೇಟೆಯಲ್ಲಿ ಏಳು ಪುಸ್ತಕ ಜಾಸ್ತಿ ಇರುವ ತನ್ನವರ ಬೈಬಲ್ ಒಂದನ್ನೂ ದಪ್ಪ ನೋಟುಪುಸ್ತಕಗಳನ್ನೂ ಕೊಂಡಳು. ಚರ್ಚಿನಲ್ಲಿ ಹಲವರು ಬೈಬಲನ್ನು ಕೈಯಾರೆ ಬರೆದು ಮುಗಿಸುವ ಹರಕೆ ಹೊರುತ್ತಾರೆ. ಇವಳದು ಹರಕೆಯಲ್ಲ, ಹಟ. ಮುಂದಿನ ಸಲ ತಮ್ಮ ಬಾಯಿ ತೆರೆದರೆ ಮುಚ್ಚಿಸುವಂತೆ ಏನಾದರೂ ಸಿಗಲಿ ಎಂದು, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಸೀಗಡಿ ಡಬ್ಬಿಗಳ ನಡುವೆ ಕೂತು ಬರೆದಳು. ವಂಶಾವಳಿಗಳು ಬಂದಾಗ ಬೈದುಕೊಂಡು ಬರೆದಳು. ಗುಡಾರದ ಅಳತೆಗಳು ಬಂದಾಗ ಕನ್ನಡಕ ತೆಗೆದಿಟ್ಟು ಎರಡು ದಿನ ಮುನಿಸಿಕೊಂಡಳು. ಮಕ್ಕಬಿಯರನ್ನು ಕೆಂಪು ಶಾಯಿಯಲ್ಲಿ ಬರೆದಳು.

ಫೆಬ್ರವರಿಯಲ್ಲಿ ಕೀರ್ತನೆಗಳ ಕೊನೆಯ ಭಾಗಕ್ಕೆ ಬಂದಿದ್ದಳು. ನೂರ ಮೂವತ್ತನೆಯದನ್ನು ಬರೆಯುತ್ತಿದ್ದಾಗ ಕೈ ಕಣ್ಣಿಗಿಂತ ಮುಂದೆ ಹೋಗತೊಡಗಿತು. ಮಾತು ಹೊಸದಾಗಿತ್ತು, ಆದರೆ ಒಂದು ಸಾಲಾದ ಮೇಲೆ ಮುಂದಿನ ಸಾಲು ಏನು ಹೇಳಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. ಪೆನ್ನು ಕೆಳಗಿಟ್ಟು ಹಳೆಯ ಪದಗಳನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡಳು. ಅದೇ. ಆಳದಿಂದ ಕೂಗುವವನ ಅದೇ ಮೊರೆ, ಬೆಳಗಿಗಾಗಿ ಕಾಯುವ ಅದೇ ಕಾವಲುಗಾರ. ಹಿಂದೆ ತಿರುವಿ ಐವತ್ತೊಂದನೆಯದನ್ನು ನೋಡಿದಳು. ಅದೂ ಅದೇ, ಬರೆಯುವಾಗ ಗಮನಿಸಿರಲಿಲ್ಲ. ತಾಯಿ ಮಣ್ಣು ತುಳಿಯುತ್ತ ಹಾಡಿದ್ದು ಬೈಬಲನ್ನೇ. ಪುಸ್ತಕವೇ ಇಲ್ಲದ ಊರಿನಲ್ಲಿ, ಇದು ಪುಸ್ತಕದಲ್ಲಿದೆ ಎಂದು ಗೊತ್ತೇ ಇಲ್ಲದೆ. ಫಾದರ್ ತಾಕ್ ಕೊಟ್ಟಿದ್ದ ಪುಸ್ತಕವನ್ನು ಚೀಲದಿಂದ ತೆಗೆದಳು. ಚುಕ್ಕೆಗಳ ಮೇಲೆ ಕೀರ್ತನೆಯ ಸಂಖ್ಯೆ ಸ್ಪಷ್ಟವಾಗಿ ಅಚ್ಚಾಗಿತ್ತು. ಒಂದು ಗಿರಾಕಿ ಬಂದು ಎರಡು ಸಲ ಕೂಗಿದ ಮೇಲೆ ಅವಳು ತಲೆಯೆತ್ತಿದಳು.

ವರ್ಷಾಂತಿಕದ ದಿನ ಎಲ್ಲರೂ ಬೆಟ್ಟದ ಮೇಲೆ ತಾಯಿಯ ಸಮಾಧಿಯ ಹತ್ತಿರ ಸೇರಿದರು. ಮೊದಲು ಮನ್ಸೊಕನ ಪ್ರಾರ್ಥನೆ, ಆಮೇಲೆ ಓಕ್ಬುನಳ ಯೊಂದೊ ಎಂದು ಜೊಂಗ್ನಿಮ್ ಫೋನಿನಲ್ಲೇ ಗೊತ್ತುಮಾಡಿದ್ದಳು. ತಮ್ಮನ ಪ್ರಾರ್ಥನೆ ಮುಗಿದ ಮೇಲೆ ಓಕ್ಬುನ್ ನೋಟುಪುಸ್ತಕ ತೆಗೆದು ಅವನ ಮುಂದೆ ಹಿಡಿದಳು. ಅವನು ಓದುವುದಕ್ಕೂ ಹೋಗಲಿಲ್ಲ.

"ನೂರ ಮೂವತ್ತು," ಎಂದ. "ಗೊತ್ತು."

"ಯಾವಾಗಿಂದ ಗೊತ್ತು?"

"ಬಾಡಿಗೆ ಮನೇಲಿ ಮೊದಲ್ನೇ ಸಲ ಓದಿದಾಗ್ಲಿಂದ. ಅದನ್ನ ಓದಿ ಅತ್ತಿದ್ದೆ. ಅಮ್ಮನ ಹಾಡು ಅಂತ."

"ನಲವತ್ತು ವರ್ಷ." ಅವಳು ನೋಟುಪುಸ್ತಕವನ್ನು ಪಟ್ಟನೆ ಮುಚ್ಚಿದಳು. "ಬಂದಾಗೆಲ್ಲ ಎಲ್ಲಿ ಬರೆದಿದೆ, ಎಲ್ಲಿ ಬರೆದಿದೆ ಅಂತ ನನ್ ತಲೆ ತಿಂದೆ. ಇದೊಂದು ಮಾತು ಹೇಳೋಕೆ ನಿಂಗೇನಾಗಿತ್ತು?"

"ಅದು ಬರೆದಿಲ್ಲ ಅಂತ ನಾನು ಯಾವತ್ತೂ ಹೇಳ್ಲಿಲ್ಲ ಅಕ್ಕಾ. ಸತ್ತೋರಿಗೋಸ್ಕರ ಹಾಡಿ ಅಂತ ಬರೆದಿಲ್ಲ ಅಂದೆ. ಎರಡೂ ಬೇರೆ."

ನೋಟುಪುಸ್ತಕದಿಂದ ಅವನ ತಲೆಗೆ ಎರಡು ಬಿಗಿಯೋಣವೆನ್ನಿಸಿತು ಅವಳಿಗೆ. ಗುದ್ದುವ ವಯಸ್ಸು ಇಬ್ಬರಿಗೂ ದಾಟಿತ್ತು. ಅವಳು ಹುಲ್ಲಿನ ಮೇಲೆ ಧೊಪ್ಪನೆ ಕೂತು, ನೀನು ಕೂರುತ್ತೀಯೋ ಹೋಗುತ್ತೀಯೋ ಎಂದು ಕೇಳಿದಳು. ಕೀರ್ತನೆಗಳು ಮುಗಿಯುವವರೆಗೆ ಕೂರುತ್ತೇನೆ, ಅವು ವಚನ, ಕೇಳಬಹುದು ಎಂದ ತಮ್ಮ. ಹಾಗೆಯೇ ಕೂತ. ಹೆಂಗಸರು ಹಾಡಿದರು. ಚರಣದ ಕೊನೆಯ ತಿರುವಿನಲ್ಲಿ ಅವನ ಗಲ್ಲ ಚೂರು ಇಳಿದು ಚೂರು ಏರುತ್ತಿತ್ತು. ಬಾಯಿ ಮಾತ್ರ ಬಿಗಿದುಕೊಂಡೇ ಇತ್ತು. ಸಂತರ ಹೆಸರುಗಳು ಶುರುವಾಗುತ್ತಲೇ ಎದ್ದು, ಪ್ಯಾಂಟಿನ ಹುಲ್ಲು ಕೊಡವಿ, ಕಾರು ನಿಲ್ಲಿಸಿದ್ದಲ್ಲಿಗೆ ಇಳಿದುಹೋದ. ಜೊಂಗ್ನಿಮ್ ಎದ್ದು ಹೋಗಲಿಲ್ಲ; ಬುತ್ತಿಯ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು.

ಓಕ್ಬುನ್ ಕಣ್ಣಂಚಿನಲ್ಲಿ ನೋಡಿದಳು. ಅವನು ಕಾರಿನೊಳಗೆ ಕೂರದೆ, ಬೆನ್ನು ತಿರುಗಿಸಿಕೊಂಡು, ಹಾಡು ಕೇಳಿಸುವಷ್ಟು ದೂರದಲ್ಲೇ ಕೈ ಹಿಂದೆ ಕಟ್ಟಿ ನಿಂತಿದ್ದ. ಊಟಕ್ಕೆ ಹೊತ್ತಾಗಿತ್ತು, ಎಲ್ಲರಿಗೂ ಹಸಿವಾಗಿತ್ತು, ಒಂದಿಷ್ಟು ಹೆಸರು ಬಿಟ್ಟು ಮುಗಿಸಿದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಒಬ್ಬ ಸಂತನನ್ನೂ ಬಿಡದೆ, ಎಂದಿಗಿಂತ ನಿಧಾನವಾಗಿ, ಒಬ್ಬೊಬ್ಬರನ್ನೇ ಕರೆಯುತ್ತ ಹೋದಳು.